ಫೋನು ಬಂದ ಕೂಡಲೇ ಮನೆ ಗೊತ್ತಾಗಬೇಕು

ಮಾರ್ಚ್ ತಿಂಗಳಲ್ಲಿ ನಮ್ಮ ಭಾವನ ಅಂಗಡಿಯ ಫೋನು ಬೆಳಗ್ಗೆ 7 ಗಂಟೆಗೇ ಹೊಡೆಯಲು ಶುರುವಾಗುತ್ತದೆ. ಬದಿಯಡ್ಕದ ಹತ್ತಿರ, ಚೆರ್ಕಳ–ಕಲ್ಲಡ್ಕ ರಸ್ತೆಯ ಬದಿಯಲ್ಲಿ ಅವರ ಅಂಗಡಿ. ಪಂಪುಸೆಟ್ ಮಾರುತ್ತಾರೆ, ರಿಪೇರಿಯೂ ಮಾಡುತ್ತಾರೆ. ಅಡಿಕೆ ತೋಟಕ್ಕೆ ನೀರು ಬಿಡುವ ಕಾಲ ಅದು. ಪಂಪು ನಿಂತ ಮನೆಯವರಿಗೆ ಪುರುಸೊತ್ತು ಎಲ್ಲಿಂದ ಬರಬೇಕು? ಹೆಸರು ಹೇಳುವುದಿಲ್ಲ, ಊರು ಹೇಳುವುದಿಲ್ಲ. ನೀರು ಬರುವುದಿಲ್ಲ ಅಂತ ಒಂದೇ ಮಾತು.

ಆ ಒಂದು ಮಾತೂ ಒಂದೇ ಭಾಷೆಯಲ್ಲಿ ಬರುವುದಿಲ್ಲ. ಒಬ್ಬರು ತುಳುವಿನಲ್ಲಿ ‘ನೀರ್ ಬರ್ಪುಜಿ’ ಅನ್ನುತ್ತಾರೆ. ಇನ್ನೊಬ್ಬರು ಮಲಯಾಳದಲ್ಲಿ ‘ವೆಳ್ಳಂ ವರುನ್ನಿಲ್ಲ’. ನೀರ್ಚಾಲಿನ ಕಡೆಯಿಂದ ಹವ್ಯಕ ಕನ್ನಡದಲ್ಲಿ ‘ನೀರು ಬತ್ತಿಲ್ಲೆ’ ಅಂತ ಬಂದರೆ, ಬೇಳದ ಕಡೆಯಿಂದ ಕೊಂಕಣಿಯಲ್ಲಿ ‘ಉದಕ್ ಯೇನಾ’ ಅಂತ ಬರುತ್ತದೆ. ಕಾಸರಗೋಡಿನಲ್ಲಿ ಅಂಗಡಿ ಇಟ್ಟವರಿಗೆ ಇದೇನೂ ಹೊಸತಲ್ಲ.

ಇಪ್ಪತ್ತು ವರ್ಷದಿಂದ ಈ ಫೋನು ಎತ್ತುತ್ತಿದ್ದವಳು ನನ್ನ ಅಕ್ಕ. ಅವಳಿಗೆ ದನಿ ಕೇಳಿದರೆ ಮನೆ ಗೊತ್ತು. ಮನೆ ಗೊತ್ತಾದರೆ ಅಲ್ಲಿನ ಪಂಪು ಗೊತ್ತು. ‘ನಿಮ್ಮದು 5 ಎಚ್‌ಪಿ ಅಲ್ವಾ, ಹೋದ ವರ್ಷ ವೈಂಡಿಂಗ್ ಮಾಡಿಸಿದ್ದು? ಫುಟ್‌ವಾಲ್ವ್ ಒಮ್ಮೆ ನೋಡಿ, ನೀರು ಕೆಳಗಿಳಿದಿರಬೇಕು’ ಅಂತ ಕೂತಲ್ಲಿಂದಲೇ ಹೇಳುತ್ತಿದ್ದಳು. ಎಷ್ಟೋ ಸಲ ಮೆಕ್ಯಾನಿಕ್ ಹೋಗುವ ಅಗತ್ಯವೇ ಬೀಳುತ್ತಿರಲಿಲ್ಲ. ಉಳಿದದ್ದಕ್ಕೆ ಒಂದು ಉದ್ದ ಪುಸ್ತಕ ಇತ್ತು. ಮನೆಗೊಂದು ಪುಟ.

ಮೊನ್ನೆ ನವೆಂಬರಿನಲ್ಲಿ ಅಕ್ಕನಿಗೆ ಮೊಣಕಾಲಿನ ಆಪರೇಷನ್ ಆಯಿತು. ಕೌಂಟರಿಗೆ ಚೆರ್ಕಳದ ಒಬ್ಬ ಹುಡುಗಿ ಬಂದಳು. ಚುರುಕಿನ ಹುಡುಗಿ. ಮನೆಮಾತು ಮಲಯಾಳ, ಓದಿದ್ದೂ ಮಲಯಾಳದಲ್ಲಿ. ಕನ್ನಡ, ತುಳು ಎರಡೂ ಮಾತಾಡುತ್ತಾಳೆ. ಆದರೆ ಫೋನು ಎತ್ತಿದ ಕೂಡಲೇ ಬಾಯಿಗೆ ಬರುವುದು ಮಲಯಾಳ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಎರಡನೇ ವಾರದಲ್ಲಿ ಹಳೆಯ ಗಿರಾಕಿ ಒಬ್ಬರು ಅಂಗಡಿಗೇ ಬಂದು ಭಾವನ ಹತ್ತಿರ, ‘ನಿಮ್ಮಲ್ಲೂ ಇನ್ನು ಕನ್ನಡ ಇಲ್ಲವಾ?’ ಅಂತ ಕೇಳಿದರು. ಜೋರು ಮಾಡಲಿಲ್ಲ, ಬೇಸರದಲ್ಲಿ ಕೇಳಿದ್ದು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಕನ್ನಡದವರು ಒಂದೊಂದು ಕಡೆ ಹೋದಾಗಲೂ ಮನಸ್ಸಿನಲ್ಲಿ ಇಟ್ಟುಕೊಳ್ಳುವ ಪ್ರಶ್ನೆ ಅದು. ಅಂಗಡಿಯಲ್ಲೂ ಅದನ್ನು ಕೇಳುವ ಹಾಗಾಯಿತಲ್ಲ ಅಂತ ಭಾವನಿಗೆ ರಾತ್ರಿ ಊಟ ಸೇರಲಿಲ್ಲ.

ನಾನು ಬೆಂಗಳೂರಿನಲ್ಲಿ ಕೆಲವು ವರ್ಷ ಕಾಲ್‌ಸೆಂಟರಿನ ಸಾಫ್ಟ್‌ವೇರ್ ಬರೆಯುವ ಕೆಲಸದಲ್ಲಿದ್ದೆ. ಈಗ ಮನೆಯಿಂದಲೇ ಕೆಲಸ. ‘ಭಾವ, ಫೋನು ಹೊಡೆಯುವಾಗಲೇ ಕಂಪ್ಯೂಟರಿನಲ್ಲಿ ಆ ಮನೆಯ ಪುಟ ತೆರೆದುಕೊಳ್ಳುವ ಹಾಗೆ ಮಾಡಬಹುದು. ಅವರ ಭಾಷೆಯೂ ಅದರಲ್ಲಿ ಇರುತ್ತದೆ’ ಅಂದೆ. ನಮ್ಮ ಕೆಲಸದಲ್ಲಿ ಇದಕ್ಕೆ ಸ್ಕ್ರೀನ್ ಪಾಪ್ ಅನ್ನುತ್ತಾರೆ. ದೊಡ್ಡ ಕಂಪೆನಿಗಳಲ್ಲಿ ಹಳೆಯ ಸಂಗತಿ. ಫೋನನ್ನೂ ಕಂಪ್ಯೂಟರನ್ನೂ ಸೇರಿಸಲು ಮೈಕ್ರೋಸಾಫ್ಟ್ ಮತ್ತು ಇಂಟೆಲ್ 1993ರಲ್ಲೇ ಟ್ಯಾಪಿ ಅಂತ ಒಂದು ವ್ಯವಸ್ಥೆ ತಂದಿದ್ದವು. ಸಣ್ಣ ಅಂಗಡಿಗೆ ಅದು ಎಟುಕುತ್ತಿರಲಿಲ್ಲ, ಅಷ್ಟೆ.

ಭಾವ ಒಪ್ಪಿದರು. ಅಕ್ಕ ಮಂಚದ ಮೇಲಿಂದಲೇ ಎರಡು ಷರತ್ತು ಹಾಕಿದಳು. ನಂಬರು ಬದಲಾಗಬಾರದು. ಕಂಪ್ಯೂಟರ್ ಕೆಟ್ಟರೂ ಫೋನು ಹೊಡೆಯಬೇಕು.

ನಂಬರು ಬದಲಾಗಬಾರದು ಅನ್ನುವುದಕ್ಕೆ ಕಾರಣ ಇದೆ. ನಮ್ಮದು ತಾಮ್ರದ ತಂತಿಯ ಹಳೆಯ ಲ್ಯಾಂಡ್‌ಲೈನ್. ಎಷ್ಟೋ ತೋಟಗಳ ಪಂಪುಶೆಡ್ಡಿನ ಗೋಡೆಯಲ್ಲಿ ಆ ನಂಬರನ್ನು ಮಸಿಕೆಂಡದಲ್ಲಿ ಬರೆದಿಟ್ಟಿದ್ದಾರೆ. ಹಾಗಾಗಿ ಹೊಸ ಇಂಟರ್ನೆಟ್ ಲೈನ್ ತಗೊಳ್ಳುವ ಬದಲು ನಾನು ಒಂದು ಗೇಟ್‌ವೇ ತರಿಸಿದೆ. ಅಂಗೈಯಗಲದ ಪೆಟ್ಟಿಗೆ. ಒಂದು ಕಡೆ ಲ್ಯಾಂಡ್‌ಲೈನ್ ತಂತಿ, ಇನ್ನೊಂದು ಕಡೆ ನೆಟ್‌ವರ್ಕ್ ಕೇಬಲ್. ಹೊರಗಿನಿಂದ ಬಂದ ಕರೆಯನ್ನು ಅದು ಸಿಪ್ ಎಂಬ ಇಂಟರ್ನೆಟ್ ಫೋನಿನ ಭಾಷೆಗೆ ತಿರುಗಿಸಿ ಅಂಗಡಿಯೊಳಗಿನ ಜಾಲಕ್ಕೆ ಕೊಡುತ್ತದೆ. ಹಳೆಯ ಫೋನನ್ನು ಚುಚ್ಚಲು ಅದರಲ್ಲೇ ಇನ್ನೊಂದು ಕಿಂಡಿ ಇದೆ. ಕರೆಂಟು ಹೋದರೆ, ಇಲ್ಲವೇ ಪೆಟ್ಟಿಗೆಯ ಪ್ಲಗ್ ಎಳೆದರೆ, ಆ ಕಿಂಡಿ ನೇರ ಲ್ಯಾಂಡ್‌ಲೈನಿಗೆ ಸೇರಿಕೊಳ್ಳುತ್ತದೆ. ಅಕ್ಕನ ಎರಡನೇ ಷರತ್ತಿಗೆ ಅದು ಸಾಕಾಯಿತು.

ನಡುವೆ ಕೂತು ಕರೆಗಳನ್ನು ನೋಡಿಕೊಳ್ಳಲು ಆಸ್ಟರಿಸ್ಕ್ ಹಾಕಿದೆ. ಮಾರ್ಕ್ ಸ್ಪೆನ್ಸರ್ 1999ರಲ್ಲಿ ಬರೆಯಲು ಶುರು ಮಾಡಿದ ಉಚಿತ ಸಾಫ್ಟ್‌ವೇರ್ ಇದು. ತನ್ನ ಸಣ್ಣ ಕಂಪೆನಿಗೆ ಫೋನ್ ಎಕ್ಸ್‌ಚೇಂಜ್ ಕೊಳ್ಳುವಷ್ಟು ದುಡ್ಡಿಲ್ಲದೆ ತಾನೇ ಬರೆದರಂತೆ. ಭಾವನ ಹಳೆಯ ಬಿಲ್ಲಿಂಗ್ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಅದರಲ್ಲಿ ಕೂರಿಸಿದೆ. ಒಂದು ಲೈನಿನ ಅಂಗಡಿಗೆ ದೊಡ್ಡ ಯಂತ್ರ ಬೇಡ. ಮಾತನ್ನು ಸೆಕೆಂಡಿಗೆ 8000 ತುಣುಕು ಮಾಡಿ, 20 ಮಿಲಿಸೆಕೆಂಡಿಗೊಂದು ಪೊಟ್ಟಣದ ಹಾಗೆ ಕಳಿಸುತ್ತದೆ. ಬರೀ ಮಾತಿನ ಲೆಕ್ಕಕ್ಕೆ ಒಂದು ಕರೆಗೆ ಬೇಕಾದದ್ದು ಸೆಕೆಂಡಿಗೆ 64 ಕಿಲೋಬಿಟ್.

ಮೊದಲ ದಿನವೇ ಫೋನು ಹೊಡೆಯಿತು, ಮಾತೂ ಕೇಳಿಸಿತು. ಆದರೆ ನಂಬರು ಬರಲಿಲ್ಲ. ನಂಬರು ಇರಬೇಕಾದ ಜಾಗದಲ್ಲಿ ‘ಅನ್‌ನೋನ್’ ಅಂತ ಬರುತ್ತಿತ್ತು. ನಂಬರೇ ಇಲ್ಲದಿದ್ದರೆ ಮನೆ ಹುಡುಕುವುದು ಹೇಗೆ? ತಂತಿ ಬದಲಿಸಿದೆ, ಗೇಟ್‌ವೇಯನ್ನು ಮೂರು ಸಲ ಅಳಿಸಿ ಶುರು ಮಾಡಿದೆ. ಎರಡು ರಾತ್ರಿ ಹೋಯಿತು.

ಕೊನೆಗೆ ತಿಳಿದದ್ದು ಇಷ್ಟು. ನಂಬರನ್ನು ತಂತಿಯಲ್ಲಿ ಕಳಿಸುವ ಕ್ರಮ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಮೊದಲ ಮತ್ತು ಎರಡನೇ ರಿಂಗಿನ ನಡುವೆ, ಮೋಡೆಮ್ಮಿನ ಸದ್ದಿನ ಹಾಗೆ ಕಳಿಸುತ್ತಾರೆ. ಗೇಟ್‌ವೇ ಅದನ್ನೇ ಕಾಯುತ್ತಾ ಕೂತಿತ್ತು. ನಮ್ಮ ಲೈನಿನಲ್ಲಿ ನಂಬರು ಮೊದಲ ರಿಂಗಿಗೂ ಮುಂಚೆಯೇ ಬಂದು ಮುಗಿಯುತ್ತದೆ. ತಂತಿಯ ಪ್ಲಸ್ಸು ಮೈನಸ್ಸು ಒಮ್ಮೆ ಅದಲುಬದಲಾಗುತ್ತದೆ, ಕೂಡಲೇ ಫೋನಿನ ಬಟನ್ ಒತ್ತಿದಾಗ ಕೇಳುವ ಅದೇ ಸ್ವರಗಳಲ್ಲಿ ಅಂಕಿಗಳು ಬರುತ್ತವೆ, ಆಮೇಲೆ ಗಂಟೆ. ಆಸ್ಟರಿಸ್ಕಿನ ಸೆಟ್ಟಿಂಗ್‌ಗಳಲ್ಲಿ ಇದಕ್ಕಾಗಿಯೇ ಭಾರತದ ಹೆಸರಿನಲ್ಲಿ ಒಂದು ಆಯ್ಕೆ ಇದೆ. ನಮ್ಮ ಗೇಟ್‌ವೇಯಲ್ಲಿ ಕಾಲರ್ ಐಡಿ ಕ್ರಮವನ್ನು ಆ ಬಟನ್ ಸ್ವರಗಳ ಕ್ರಮವಾದ ಡಿಟಿಎಂಎಫ್‌ಗೆ ಬದಲಿಸಿದೆ. ನನ್ನ ಮೊಬೈಲಿನಿಂದ ಕರೆ ಮಾಡಿದೆ. ತೆರೆಯಲ್ಲಿ ನನ್ನ ಹತ್ತು ಅಂಕಿ ಬಂದು ನಿಂತವು. ರಾತ್ರಿ ಹನ್ನೊಂದೂವರೆಗೆ ಅಂಗಡಿಯಲ್ಲಿ ಒಬ್ಬನೇ ಇದ್ದೆ. ಅಷ್ಟು ಖುಷಿ ಬೆಂಗಳೂರಿನ ಯಾವ ಪ್ರಾಜೆಕ್ಟಿನಲ್ಲೂ ಆಗಿರಲಿಲ್ಲ.

ಇನ್ನು ಕರೆಯನ್ನು ನಮ್ಮ ಪ್ರೋಗ್ರಾಮಿಗೆ ತಿಳಿಸುವುದು. ಆಸ್ಟರಿಸ್ಕಿನಲ್ಲಿ ಮ್ಯಾನೇಜರ್ ಇಂಟರ್‌ಫೇಸ್ ಅಂತ ಒಂದು ಬಾಗಿಲಿದೆ, ಎಎಂಐ ಅನ್ನುತ್ತಾರೆ. 5038ನೇ ಪೋರ್ಟಿಗೆ ಸೇರಿ, ಹೆಸರು ಪಾಸ್‌ವರ್ಡ್ ಕೊಟ್ಟರೆ ಫೋನಿನಲ್ಲಿ ನಡೆಯುವುದನ್ನೆಲ್ಲ ಅದು ಸಾಲುಸಾಲಾಗಿ ಹೇಳುತ್ತಾ ಹೋಗುತ್ತದೆ. ಹೊಸ ಕರೆ ಬಂತು, ಇಂಥ ನಂಬರಿನಿಂದ. ಕೌಂಟರಿನ ಫೋನು ಹೊಡೆಯುತ್ತಿದೆ. ಎತ್ತಿದರು. ಇಟ್ಟರು. ಒಂದು ಸಂಗತಿ ಮುಗಿದಾಗ ಒಂದು ಖಾಲಿ ಸಾಲು. ಬರಿಗಣ್ಣಿನಲ್ಲಿ ಓದಬಹುದು, ಅದು ನನಗೆ ಬಹಳ ಇಷ್ಟ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸುಮಾರು ನೂರೈವತ್ತು ಸಾಲು ಬರೆದೆ. ಹೊಸ ಕರೆಯ ನಂಬರು ತಗೊಂಡು, ಡೇಟಾಬೇಸಿನಲ್ಲಿ ಹುಡುಕಿ, ಕೌಂಟರಿನ ಬ್ರೌಸರಿಗೆ ಕಾರ್ಡು ಕಳಿಸುವುದು, ಅಷ್ಟೇ ಅದರ ಕೆಲಸ.

ಎರಡು ಕಡೆ ಎಡವಿದೆ. ಇದೇ ದಾರಿಯಲ್ಲಿ ಹೋಗುವವರಿಗೆ ಉಪಯೋಗ ಆದೀತು ಅಂತ ಹೇಳುತ್ತೇನೆ. ಒಂದು ಸಲ ಓದಿದರೆ ಒಂದು ಸಂಗತಿ ಪೂರ್ತಿ ಸಿಗುತ್ತದೆ ಅಂತ ನಂಬಿಕೊಂಡಿದ್ದೆ. ಹಾಗಲ್ಲ. ನೆಟ್‌ವರ್ಕಿನಲ್ಲಿ ಬರುವುದು ಪೈಪಿನ ನೀರಿನ ಹಾಗೆ, ಅರ್ಧ ಈಗ, ಅರ್ಧ ಆಮೇಲೆ ಬರಬಹುದು. ಖಾಲಿ ಸಾಲು ಸಿಗುವವರೆಗೆ ಕೂಡಿಸಿಟ್ಟುಕೊಳ್ಳಬೇಕು. ಇನ್ನೊಂದು, ಒಂದೇ ಕರೆಗೆ ಕಾರ್ಡು ಮೂರು ಸಲ ಬರುತ್ತಿತ್ತು. ಗೇಟ್‌ವೇಯದು ಒಂದು ಚಾನೆಲ್, ಕೌಂಟರಿನ ಫೋನಿನದು ಒಂದು, ವರ್ಕ್‌ಶಾಪಿನದು ಒಂದು. ಮೂರಕ್ಕೂ ಸೇರಿ ಲಿಂಕ್ಡ್‌ಐಡಿ ಅಂತ ಒಂದೇ ಗುರುತು ಇರುತ್ತದೆ. ಅದನ್ನು ನೋಡಿ ಎರಡನೆಯದನ್ನೂ ಮೂರನೆಯದನ್ನೂ ಬಿಟ್ಟುಬಿಡುವ ಹಾಗೆ ಮಾಡಿದೆ.

ಈ ಎಎಂಐ ಬಾಗಿಲನ್ನು ಅದೇ ಕಂಪ್ಯೂಟರಿನ ಒಳಗಿಗೆ ಮಾತ್ರ ತೆರೆದಿಡಬೇಕು. ಆ ಪಾಸ್‌ವರ್ಡ್ ಸಿಕ್ಕಿದವರು ನಿಮ್ಮ ಲೈನಿನಿಂದ ಎಲ್ಲಿಗೆ ಬೇಕಾದರೂ ಫೋನು ಮಾಡಬಹುದು. ಸಿಪ್‌ನ 5060 ಪೋರ್ಟೂ ಅಷ್ಟೆ. ಪರೀಕ್ಷೆಗೆ ಅಂತ ನಾನು ಒಂದು ರಾತ್ರಿ ಅದನ್ನು ಹೊರಗಿನಿಂದ ಸೇರುವ ಹಾಗೆ ಬಿಟ್ಟಿದ್ದೆ. ಬೆಳಗ್ಗೆ ಲಾಗ್ ನೋಡಿದರೆ 100, 101, 102 ಅಂತ ಒಂದೊಂದೇ ನಂಬರಿಗೆ ಪಾಸ್‌ವರ್ಡ್ ಪ್ರಯತ್ನಿಸಿದ ಸಾಲುಗಳು, ಪುಟಗಟ್ಟಲೆ. ಬದಿಯಡ್ಕದ ಒಂದು ಪಂಪು ಅಂಗಡಿಯನ್ನು ಯಾರೂ ಹುಡುಕಿಕೊಂಡು ಬಂದದ್ದಲ್ಲ. ಇಂಟರ್ನೆಟ್ಟಿನ ಎಲ್ಲ ಬಾಗಿಲನ್ನೂ ತಟ್ಟುತ್ತಾ ಹೋಗುವ ಪ್ರೋಗ್ರಾಮುಗಳವು. ಕೂಡಲೇ ಮುಚ್ಚಿದೆ. ಅಲ್ಲದೆ ಸಾಮಾನ್ಯ ಫೋನು ಲೈನನ್ನು ಇಂಟರ್ನೆಟ್ಟಿಗೆ ಸೇರಿಸುವುದಕ್ಕೆ ನಮ್ಮ ದೇಶದಲ್ಲಿ ನಿಯಮಗಳಿವೆ. ನಮ್ಮದು ಕಾಂಪೌಂಡಿನ ಒಳಗೇ ಮುಗಿಯುವ ವ್ಯವಸ್ಥೆ, ಹಾಗೆಯೇ ಇಟ್ಟೆ.

ವರ್ಕ್‌ಶಾಪು ಅಂಗಡಿಯ ಹಿಂದೆ, ಸ್ವಲ್ಪ ಕೆಳಗೆ. ಅಲ್ಲಿಗೂ ಒಂದು ಐಪಿ ಫೋನು ಇಟ್ಟೆವು. ಭಾವ ಹೇಳಿದ್ದು ಕೌಂಟರಿನವಳಿಗೆ ಕೇಳುತ್ತದೆ, ಅವಳು ಹೇಳಿದ್ದು ಭಾವನಿಗೆ ಕೇಳುವುದಿಲ್ಲ. ಇಂಟರ್ನೆಟ್ ಫೋನಿನಲ್ಲಿ ಇದು ಎಲ್ಲರಿಗೂ ಒಮ್ಮೆಯಾದರೂ ಬರುವ ಕಾಯಿಲೆ. ಕರೆ ಹೊಂದಿಸುವ ಮಾತುಕತೆ ಒಂದು ದಾರಿಯಲ್ಲಿ, ದನಿ ಇನ್ನೊಂದು ದಾರಿಯಲ್ಲಿ ಹೋಗುತ್ತದೆ. ‘ದನಿಯನ್ನು ಈ ವಿಳಾಸಕ್ಕೆ ಕಳಿಸಿ’ ಅಂತ ಫೋನು ಹೇಳುವ ವಿಳಾಸ ಒಳಗಿನದಾದರೆ ಹೊರಗಿನವರಿಗೆ ಅದು ಸಿಗುವುದಿಲ್ಲ. ನಮ್ಮಲ್ಲಿ ಆದದ್ದೂ ಅದೇ. ವರ್ಕ್‌ಶಾಪಿನ ವೈಫೈ ಪೆಟ್ಟಿಗೆ ತನ್ನದೇ ಬೇರೆ ಜಾಲ ಮಾಡಿಕೊಂಡು ಕೂತಿತ್ತು. ಅದನ್ನು ಅಂಗಡಿಯ ಜಾಲವನ್ನೇ ಹಂಚುವ ಬರೀ ಆಕ್ಸೆಸ್ ಪಾಯಿಂಟ್ ಮಾಡಿ, ರೂಟರಿನಲ್ಲಿ ಈ ವಿಳಾಸಗಳನ್ನು ನಡುವೆ ತಿದ್ದಲು ಹೋಗುವ ಸಿಪ್ ಎಎಲ್‌ಜಿ ಅನ್ನುವ ಸೆಟ್ಟಿಂಗನ್ನೂ ಆಫ್ ಮಾಡಿದೆ. ಸರಿಯಾಯಿತು.

ಇಷ್ಟೂ ಯಂತ್ರದ ಕೆಲಸ. ನನಗೆ ನಿಜವಾಗಿ ಮುಖ್ಯ ಅನಿಸಿದ್ದು ಅಕ್ಕನ ಪುಸ್ತಕ.

ಎರಡು ವಾರ, ದಿನಾ ಸಂಜೆ ಅವಳ ಮಂಚದ ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತೆ. ಕಾಲಿನ ಕೆಳಗೆ ಎರಡು ದಿಂಬು ಇಟ್ಟುಕೊಂಡು, ಪುಸ್ತಕವನ್ನು ಎದೆಯ ಮೇಲೆ ತೆರೆದಿಟ್ಟುಕೊಂಡು ಅವಳು ಓದುತ್ತಿದ್ದಳು. ಪುಟದಲ್ಲಿ ಬರೆದದ್ದು ಎರಡೇ ಸಾಲು ಇರುತ್ತಿತ್ತು, ಅವಳು ಹೇಳುವುದು ಹತ್ತು ಸಾಲು. ‘ಇವರದು ಬೋರ್‌ವೆಲ್ ಅಲ್ಲ, ಕೆರೆ. ಮೇಲಿನ ತೋಟಕ್ಕೆ ಗುಡ್ಡ ಕೊರೆದ ಸುರಂಗದ ನೀರೇ ಬರುತ್ತದೆ, ಅದಕ್ಕೆ ಪಂಪು ಬೇಡ. ಬರೆ.’ ‘ಇಲ್ಲಿ ಫೋನು ಮಾಡುವುದು ಕೆಲಸದವನು, ಅವನ ಹತ್ತಿರ ತುಳುವಿನಲ್ಲಿ ಮಾತಾಡಬೇಕು. ಯಜಮಾನರು ಕನ್ನಡ. ಎರಡೂ ಬರೆ.’

ಅಲ್ಲಿ ನನ್ನ ಲೆಕ್ಕ ತಪ್ಪಿತ್ತು ಅಂತ ಗೊತ್ತಾಯಿತು. ನಾನು ಬೆಂಗಳೂರಿನ ಅಭ್ಯಾಸದಲ್ಲಿ ಒಬ್ಬ ಮನುಷ್ಯನಿಗೆ ಒಂದು ದಾಖಲೆ ಅಂತ ಮಾಡಿಕೊಂಡಿದ್ದೆ. ಅಕ್ಕನಿಗೆ ಗಿರಾಕಿ ಅಂದರೆ ಮನೆ. ಅಪ್ಪ, ಮಗ, ಸೊಸೆ, ತೋಟದ ಕೆಲಸದವನು ಯಾರೇ ಫೋನು ಮಾಡಿದರೂ ಪಂಪು ಒಂದೇ ಅಲ್ವಾ? ಎಲ್ಲ ಅಳಿಸಿ ಮನೆಗೊಂದು ದಾಖಲೆ, ಅದರ ಕೆಳಗೆ ಎಷ್ಟು ನಂಬರು ಬೇಕಾದರೂ, ಒಂದೊಂದು ನಂಬರಿಗೆ ಅದರದೇ ಭಾಷೆ ಅಂತ ಹೊಸದಾಗಿ ಮಾಡಿದೆ.

ನಂಬರುಗಳದ್ದೇ ಒಂದು ದೊಡ್ಡ ಕೆಲಸ. ಒಂದು ಕರೆ ಸೊನ್ನೆಯಿಂದ ಶುರುವಾಗಿ ಬರುತ್ತದೆ, ಇನ್ನೊಂದು 91ರಿಂದ, ಮತ್ತೊಂದು ಬರೀ ಹತ್ತು ಅಂಕಿ. ಪುಸ್ತಕದ ಹಳೆಯ ಲ್ಯಾಂಡ್‌ಲೈನುಗಳು ಆರೇ ಅಂಕಿ. ಅವುಗಳ ಮುಂದೆ ನಮ್ಮ ಕಡೆಯ ಕೋಡು 4998 ಹಾಕಿದರೆ ಹತ್ತಾಗುತ್ತದೆ. ಕಾಸರಗೋಡು ಪೇಟೆಯವರದಾದರೆ 4994. ಯಾವ ನಂಬರು ಬಂದರೂ ಕೊನೆಯ ಹತ್ತು ಅಂಕಿ ಮಾತ್ರ ನೋಡುವುದು ಅಂತ ಮಾಡಿದ ಮೇಲೆ ಹೊಂದಿಕೆಯಾಯಿತು. ಭಾವನ ಬಿಲ್ಲಿಂಗ್ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಿದ್ದು ಇನ್ನೊಂದು ತಪ್ಪು. 12 ಅಂಕಿಯ ನಂಬರುಗಳೆಲ್ಲ 9.19ಇ+11 ಅಂತ ಆಗಿ, ಕೊನೆಯ ಅಂಕಿಗಳು ಹೋದವು. ನಂಬರಿನ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಅಂತ ಹೇಳಿ ತೆರೆಯಬೇಕು. ಫೋನು ನಂಬರು ಕೂಡಿಸಿ ಕಳೆಯುವ ಸಂಖ್ಯೆ ಅಲ್ಲ.

ಹೆಸರುಗಳನ್ನು ಕನ್ನಡದಲ್ಲೇ ಇಡಬೇಕು ಅಂತ ನನಗೆ ಹಟ ಇತ್ತು. ನಮ್ಮ ಮನೆಹೆಸರು, ಊರ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದರೆ ಳ ಯಾವುದು, ಲ ಯಾವುದು, ದೀರ್ಘ ಎಲ್ಲಿ ಅಂತ ಗೊತ್ತಾಗುವುದಿಲ್ಲ. ಬೇಳ ಬೇಲ ಆಗಬಾರದು. ಆದರೆ ಕೌಂಟರಿನ ಹುಡುಗಿಗೆ ಕನ್ನಡ ಓದುವುದು ನಿಧಾನ. ಫೋನು ನಾಲ್ಕು ಸಲ ಹೊಡೆಯುವುದರೊಳಗೆ ಓದಿ ಮುಗಿಯಬೇಕಲ್ಲ?

ಇದಕ್ಕೆ, ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ನಂಬರು ಕೊಡುವ ಯುನಿಕೋಡಿನಲ್ಲೇ ದಾರಿ ಇತ್ತು. ಭಾರತದ ಲಿಪಿಗಳನ್ನು ಅದರಲ್ಲಿ ಒಂದೇ ಸಾಲಿನ ಮನೆಗಳ ಹಾಗೆ ಜೋಡಿಸಿದ್ದಾರೆ. ಕನ್ನಡದ ಕ ಯಾವ ಜಾಗದಲ್ಲಿದೆಯೋ ಅಲ್ಲಿಂದ ಸರಿಯಾಗಿ 128 ಮನೆ ಮುಂದೆ ಮಲಯಾಳದ ಕ ಇದೆ. ಮ, ಳ, ಒತ್ತು, ದೀರ್ಘ ಎಲ್ಲವೂ ಹಾಗೆಯೇ. ಕನ್ನಡದ ಪ್ರತಿ ಅಕ್ಷರಕ್ಕೆ 128 ಕೂಡಿಸಿದರೆ ಮಲಯಾಳದ ಅಕ್ಷರ! ಒಂದೇ ಸಾಲಿನ ಪ್ರೋಗ್ರಾಮು. ಕಾರ್ಡಿನಲ್ಲಿ ಮೇಲೆ ಕನ್ನಡ, ಕೆಳಗೆ ಸಣ್ಣದಾಗಿ ಮಲಯಾಳ. ಮಾತಿನ ಕೊನೆಯ ನ್, ರ್, ಲ್, ಳ್ ಮಲಯಾಳದಲ್ಲಿ ಬೇರೆ ರೂಪದಲ್ಲಿ ಬರೆಯುತ್ತಾರೆ. ಅದನ್ನು ಹುಡುಗಿಯೇ ತೋರಿಸಿಕೊಟ್ಟಳು. ಅಷ್ಟನ್ನು ಬೇರೆಯಾಗಿ ತಿದ್ದಿದೆ. ಪಕ್ಕಪಕ್ಕದ ಮನೆಯವರ ಹಾಗಿರುವ ಈ ಎರಡು ಲಿಪಿಗಳು ಒಂದೇ ಕಾರ್ಡಿನಲ್ಲಿ ಕೂತದ್ದನ್ನು ನೋಡಿ ನನಗೆ ಮನಸ್ಸು ತುಂಬಿತು.

ಕಾರ್ಡಿನ ಎಡಮೂಲೆಯಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಭಾಷೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ. ಅದರ ಕೆಳಗೆ ಆ ಭಾಷೆಯಲ್ಲಿ ಹೇಳಬೇಕಾದ ಮೊದಲ ಮಾತು. ಆಮೇಲೆ ಮನೆ, ಪಂಪು, ಕಳೆದ ಸಲದ ರಿಪೇರಿ. ‘ಕನ್ನಡಕ್ಕೆ 1 ಒತ್ತಿ’ ಅಂತ ಹೇಳುವ ಯಂತ್ರವನ್ನೂ ಹಾಕಬಹುದಿತ್ತು, ಆಸ್ಟರಿಸ್ಕಿನಲ್ಲಿ ಅದು ಕಷ್ಟವಲ್ಲ. ಭಾವನಿಗೂ ನನಗೂ ಬೇಡ ಅನಿಸಿತು. ಎಷ್ಟೋ ವರ್ಷದಿಂದ ಬರುತ್ತಿರುವವರ ಹತ್ತಿರ ನಿಮ್ಮ ಭಾಷೆ ಯಾವುದು ಅಂತ ಕೇಳುವುದು ಸರಿಯಲ್ಲ. ಅದನ್ನು ನೆನಪಿಟ್ಟುಕೊಳ್ಳಬೇಕಾದವರು ನಾವು. ಮಾತನ್ನು ರೆಕಾರ್ಡ್ ಮಾಡುವುದನ್ನೂ ಬಿಟ್ಟೆವು. ಗಿರಾಕಿಗಳು ಮನೆಯ ಸುಖದುಃಖವನ್ನೂ ಹೇಳಿಕೊಳ್ಳುವ ಫೋನು ಅದು.

ತಿರುಗಿ ಕರೆಯಲು ಕಾರ್ಡಿನಲ್ಲಿ ಒಂದು ಬಟನ್ ಇಟ್ಟೆ. ಅದನ್ನು ಒತ್ತಿದರೆ ಮೊದಲು ಕೌಂಟರಿನ ಫೋನೇ ಹೊಡೆಯುತ್ತದೆ. ಎತ್ತಿದ ಮೇಲೆ ಆ ಕಡೆಗೆ ಡಯಲ್ ಆಗುತ್ತದೆ. ಮೊದಮೊದಲು ಹುಡುಗಿಗೆ ಬೇರೆ ಯಾರೋ ಕರೆಯುತ್ತಿದ್ದಾರೆ ಅನಿಸುತ್ತಿತ್ತು. ‘ನೀವು ಒತ್ತಿದ ಕರೆ, ಎತ್ತಿ’ ಅಂತ ತೆರೆಯಲ್ಲಿ ಬರುವ ಹಾಗೆ ಮಾಡಿದ ಮೇಲೆ ಸುಲಭವಾಯಿತು. ರಾತ್ರಿಯ ಮಿಸ್ಡ್ ಕಾಲುಗಳೆಲ್ಲ ಬೆಳಗ್ಗೆ ಮನೆಹೆಸರಿನ ಸಮೇತ ಸಾಲಾಗಿ ಸಿಗುತ್ತವೆ. ಇದು ಭಾವನಿಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ಒಂದೇ ದಿಕ್ಕಿನ ಮೂರು ಮನೆಗಳನ್ನು ಒಟ್ಟುಮಾಡಿ ಮೆಕ್ಯಾನಿಕ್‌ನನ್ನು ಒಂದೇ ಸಲ ಕಳಿಸಬಹುದು.

ಫೆಬ್ರವರಿಯ ಕೊನೆಗೆ ಅಕ್ಕ ಕೋಲು ಹಿಡಿದುಕೊಂಡು ಅಂಗಡಿಗೆ ಬಂದಳು. ಕೌಂಟರಿನ ಹಿಂದೆ ಸ್ಟೂಲಿನಲ್ಲಿ ಕೂತು ನೋಡುತ್ತಿದ್ದಳು. ಫೋನು ಹೊಡೆಯಿತು, ಕಾರ್ಡು ಬಂತು. ಹುಡುಗಿ ಒಂದು ಕ್ಷಣ ತೆರೆ ನೋಡಿ, ಫೋನು ಎತ್ತಿ, ‘ನಮಸ್ಕಾರ ಅಜ್ಜಾ, ಪಂಪು ಸರಿ ಉಂಟಾ?’ ಅಂತ ಕನ್ನಡದಲ್ಲೇ ಕೇಳಿದಳು. ಆ ಕಡೆಯಿಂದ ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ. ‘ಅಜ್ಜಾ, ಕೇಳ್ತದಾ?’ ಅಂತ ಅವಳು ಮತ್ತೆ ಕೇಳಿದಳು.

ಅಕ್ಕ ಕೈ ಚಾಚಿ ತೆರೆಯ ಖಾಲಿ ಜಾಗ ತೋರಿಸಿದಳು. ‘ಅವರಿಗೆ ಎಡಗಿವಿ ಕೇಳುವುದಿಲ್ಲ ತಮ್ಮಾ, ಫೋನು ಬಲಕ್ಕೆ ಹಿಡಿದುಕೊಳ್ಳುವವರೆಗೆ ಕಾಯಬೇಕು. ಅದನ್ನೂ ಒಂದು ಸಾಲು ಹಾಕು.’

ಕಾರ್ಡಿಗೆ ‘ಮಾತಾಡುವಾಗ ಗಮನಿಸಿ’ ಅಂತ ಒಂದು ಸಾಲು ಸೇರಿಸಿದೆ. ಈಗ ಅದನ್ನು ಅಕ್ಕನೂ ಹುಡುಗಿಯೂ ಸೇರಿ ತುಂಬಿಸುತ್ತಿದ್ದಾರೆ. ಏಪ್ರಿಲ್ ಬಂತು, ಸಂಜೆ ಸಿಡಿಲು ಶುರುವಾಗಿದೆ. ಮೋಡ ಕಂಡ ಕೂಡಲೇ ಹುಡುಗಿ ಗೇಟ್‌ವೇಯ ಎರಡೂ ತಂತಿ ಎಳೆದು, ಲ್ಯಾಂಡ್‌ಲೈನನ್ನು ಹಳೆಯ ಫೋನಿಗೆ ಚುಚ್ಚುತ್ತಾಳೆ. ಆಗ ಉದ್ದ ಪುಸ್ತಕ ಮತ್ತೆ ಕೌಂಟರಿನ ಮೇಲೆ ಬರುತ್ತದೆ.